ತಂದ ಬಾಟಲಿಯ ಮೊದಲ ಗುಟುಕು

ಬಿರಡೆಯಣ್ಣ ಮತ್ತು ವಕೀಲರು ಮೊದಲ ಸಲ ಎದುರಾದದ್ದು ಒಂದು ಗುರುವಾರ, ಮಧ್ಯಾಹ್ನ ಒಂದು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ. ಹನ್ನೊಂದು ವರ್ಷದ ಹಿಂದಿನ ಮಾತು. ಆದರೂ ಆ ದಿನ ಯಾವ ಮೇಜಿಗೆ ಯಾವ ಬಟ್ಟೆ ಹಾಸಿತ್ತು ಎಂಬುದನ್ನು ಬಿರಡೆಯಣ್ಣ ಇಂದಿಗೂ ತಪ್ಪಿಲ್ಲದೆ ಹೇಳುತ್ತಾನೆ. ಕಿಟಕಿ ಪಕ್ಕದ ನಾಲ್ಕನೇ ಮೇಜು. ಬಿಳಿ ಬಟ್ಟೆಯ ಒಂದು ಮೂಲೆಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟ ಕಂದು ಕಲೆ ಇತ್ತು. ಅದು ಕಾಣದಿರಲೆಂದು ಅವನು ಕಲೆಯ ಮೇಲೆ ಉಪ್ಪಿನ ಡಬ್ಬಿ ಇಟ್ಟಿದ್ದ. ವಕೀಲರು ಕುಳಿತವರೇ ಆ ಡಬ್ಬಿಯನ್ನು ಬೆರಳಿನಿಂದ ಸರಿಸಿದರು, ಕಲೆಯನ್ನು ನೋಡಿದರು, ಬಿರಡೆಯಣ್ಣನ ಮುಖವನ್ನು ನೋಡಿದರು. ಆಮೇಲೆ ತಾವು ತಂದಿದ್ದ ಬಟ್ಟೆಯ ಚೀಲವನ್ನು ಕಲೆಯ ಮೇಲೆಯೇ ಧೊಪ್ಪನೆ ಇಟ್ಟರು.

ಚೀಲದಿಂದ ಹಳೆಯ ಪತ್ರಿಕೆ ಸುತ್ತಿದ ಒಂದು ವೈನ್ ಬಾಟಲಿ ಹೊರಬಂತು.

ಆ ಹೋಟೆಲಿನಲ್ಲಿ ಗಿರಾಕಿಗಳು ತಮ್ಮದೇ ವೈನ್ ತರಬಹುದಿತ್ತು. ಆದರೆ ಅದಕ್ಕೊಂದು ರೀತಿ ಇತ್ತು. ಎಲ್ಲೂ ಬರೆದು ತೂಗುಹಾಕಿರಲಿಲ್ಲ, ಹಳೆಯ ಗಿರಾಕಿಗಳನ್ನು ನೋಡಿ ಹೊಸಬರು ಕಲಿಯುತ್ತಿದ್ದರು. ಬರುವ ಮುಂಚೆ ಫೋನ್ ಮಾಡಿ ಒಂದು ಮಾತು ಹೇಳಬೇಕು. ಹೋಟೆಲಿನ ಪಟ್ಟಿಯಲ್ಲಿ ಇರುವ ಬಾಟಲಿಯನ್ನೇ ತರಬಾರದು, ಅದು ಅತ್ತೆಮನೆಗೆ ಊಟಕ್ಕೆ ಹೋಗುವಾಗ ಬುತ್ತಿ ಕಟ್ಟಿಕೊಂಡು ಹೋದ ಹಾಗೆ. ಬಿಚ್ಚಿಕೊಟ್ಟದ್ದಕ್ಕೆ ಬಿಲ್ಲಿನಲ್ಲಿ ಒಂದು ಸಾಲು ಸೇರುತ್ತದೆ, ಅದಕ್ಕೆ ತಕರಾರು ತೆಗೆಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಬಾಟಲಿ ಬಿಚ್ಚಿದವನಿಗೆ ಮೊದಲ ಗುಟುಕು ಕೊಡಬೇಕು. ಇದು ಭಕ್ಷೀಸಲ್ಲ. ಹೋಟೆಲಿನ ಬಾಟಲಿ ಕೆಟ್ಟಿದ್ದರೆ ಹೋಟೆಲಿನವರು ಬದಲಿ ಕೊಡುತ್ತಾರೆ. ಮನೆಯಿಂದ ತಂದದ್ದು ಕೆಟ್ಟಿದ್ದರೆ ಯಾರು ಕೊಡುತ್ತಾರೆ? ಅತಿಥಿಗಳ ಲೋಟಕ್ಕೆ ಬೀಳುವ ಮೊದಲೇ ಅದನ್ನು ಕಂಡುಹಿಡಿದು, ತಂದವರ ಕಿವಿಯಲ್ಲಿ ಮೆಲ್ಲಗೆ ಹೇಳುವವನೊಬ್ಬ ಬೇಕು. ಆ ಗುಟುಕು ಆ ಕೆಲಸಕ್ಕಾಗಿ.

ಆ ಕೆಲಸ ಬಿರಡೆಯಣ್ಣನದು. ಅವನ ನಿಜವಾದ ಹೆಸರು ಸಂಬಳದ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ದಿನವಿಡೀ ಬಾಟಲಿಯ ಬಿರಡೆ ಬಿಚ್ಚುವವನಿಗೆ ಅಡುಗೆಮನೆಯವರು ಇಟ್ಟ ಹೆಸರೇ ಗಟ್ಟಿಯಾಗಿತ್ತು.

"ಸಾರ್, ಬಾಟಲಿ ತರ್ತೀನಿ ಅಂತ ಫೋನ್ ಮಾಡಿದ್ರಾ?" ಎಂದು ಅವನು ಕೇಳಿದ.

"ಊಟಕ್ಕೆ ಬರೋಕೆ ಅರ್ಜಿ ಬೇರೆ ಹಾಕ್ಬೇಕಾ?" ಎಂದರು ವಕೀಲರು.

"ಅರ್ಜಿ ಏನಿಲ್ಲ ಸಾರ್, ಒಂದು ಮಾತು ಅಷ್ಟೆ. ಆಮೇಲೆ ಇದು ನಮ್ಮ ಪಟ್ಟಿಯಲ್ಲೇ ಇದೆ. ಇಲ್ಲಿ ಸಿಗೋದನ್ನೇ ಹೊರಗಿಂದ ತರೋದು ಅಷ್ಟು…"

"ಇಲ್ಲಿ ಇದಕ್ಕೆ ಮೂರು ಪಟ್ಟು ಬೆಲೆ ಬರೆದಿದೀರಿ. ಅದಕ್ಕೇ ಹೊರಗಿಂದ ತಂದಿದ್ದು. ಬಿಚ್ಚು."

"ಬಿಚ್ಚೋದಕ್ಕೆ ಬಿಲ್ಲಿಗೆ ಒಂದಿಷ್ಟು ಸೇರುತ್ತೆ ಸಾರ್."

ವಕೀಲರು ಕಾಲನ್ನು ಮೇಜಿನಡಿಯಿಂದ ಹೊರಗೆ ಚಾಚಿದರು. "ಈ ಬೂಟೂ ಮನೆಯಿಂದಾನೇ ಹಾಕ್ಕೊಂಡು ಬಂದಿದೀನಿ. ಇದಕ್ಕೆಷ್ಟು?"

ಪಕ್ಕದ ಮೇಜಿನವರು ನಕ್ಕರು.

"ಬೂಟು ನಾವು ಬಿಚ್ಚಲ್ಲ ಸಾರ್," ಎಂದ ಬಿರಡೆಯಣ್ಣ.

ಪಕ್ಕದ ಮೇಜಿನವರು ಈಗ ಇನ್ನೂ ಜೋರಾಗಿ ನಕ್ಕರು. ಹನ್ನೊಂದು ವರ್ಷದ ಹಗೆಗೆ ಬೇಕಾದ ಬೀಜ ಅಷ್ಟೇ. ವಕೀಲರು ಜೇಬಿನಿಂದ ತಮ್ಮದೇ ಓಪನರ್ ತೆಗೆದು, ಬಾಟಲಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ತಿರುವಿದರು. ಬಿರಡೆ ಅರ್ಧಕ್ಕೆ ಮುರಿಯಿತು. ಉಳಿದರ್ಧವನ್ನು ಜಗ್ಗಿದ ರಭಸಕ್ಕೆ ವೈನ್ ಚಿಮ್ಮಿ ಬಿರಡೆಯಣ್ಣನ ಬಿಳಿ ಶರ್ಟಿನ ಎದೆಯಿಂದ ಸೊಂಟದವರೆಗೆ ಹರಿಯಿತು.

"ಶರ್ಟು ಮನೆಗೆ ಕಳಿಸು, ಒಗೆಸಿ ಕೊಡ್ತೀನಿ," ಎಂದು ವಕೀಲರು ತಮ್ಮ ಲೋಟ ತುಂಬಿಸಿಕೊಂಡರು. "ಬಿಚ್ಚಿದ್ದು ನಾನು. ಮೊದಲ ಗುಟುಕೂ ನನ್ನದೇ."

ಅವನು ಶರ್ಟನ್ನು ಕಳಿಸಲಿಲ್ಲ, ಒಗೆಯಲೂ ಇಲ್ಲ. ಮಡಚಿ ಟ್ರಂಕಿನ ತಳದಲ್ಲಿ ಇಟ್ಟ. "ಒಗೆದ್ರೆ ಕಲೆ ಹೋಗ್ತಿತ್ತು. ಕಲೆ ಜೊತೆ ಜಗಳಾನೂ ಹೋಗ್ಬಿಡುತ್ತೆ ಅಂತ ನಿಮಗೆ ಭಯ," ಎಂದು ಅವನ ಹೆಂಡತಿ ಹಂಗಿಸುತ್ತಿದ್ದಳು. ಅವಳು ಶಾಲೆಯೊಂದರಲ್ಲಿ ಗಂಟೆ ಬಾರಿಸುವ, ಬೀಗ ತೆಗೆಯುವ ಕೆಲಸದವಳು. ಮಾತನ್ನೂ ಗಂಟೆ ಬಾರಿಸಿದ ಹಾಗೆಯೇ ಆಡುತ್ತಿದ್ದಳು.

ಬಿರಡೆಯಣ್ಣನ ಮೂಗು ಹೋಟೆಲಿನಲ್ಲಿ ಕಲಿತದ್ದಲ್ಲ. ಅವನ ತಾಯಿ ಹಳೆ ಬಾಟಲಿ ಅಂಗಳದಲ್ಲಿ ಕೂಲಿಗಿದ್ದಳು. ಊರಿನ ಖಾಲಿ ಬಾಟಲಿಗಳೆಲ್ಲ ಗೋಣಿಯಲ್ಲಿ ಬಂದು ಅಲ್ಲಿ ರಾಶಿ ಬೀಳುತ್ತಿದ್ದವು. ತೊಳೆಯುವ ಮೊದಲು ಒಂದೊಂದರ ಬಾಯಿಯನ್ನೂ ಮೂಸಿ ಬೇರೆ ಮಾಡಬೇಕಿತ್ತು. ಸೀಮೆಎಣ್ಣೆಯದು ಒಂದು ಕಡೆ, ಔಷಧದ್ದು ಒಂದು ಕಡೆ, ಶರಬತ್ತಿನದು ಇನ್ನೊಂದು ಕಡೆ. ಸೀಮೆಎಣ್ಣೆಯ ಬಾಟಲಿ ತಪ್ಪಿ ಶರಬತ್ತಿನ ರಾಶಿಗೆ ಸೇರಿದರೆ ಎಲ್ಲೋ ಯಾರದೋ ಮಗು ಆಸ್ಪತ್ರೆ ಸೇರುತ್ತಿತ್ತು. ತಾಯಿ ದಿನಕ್ಕೆ ಎಂಟುನೂರು ಬಾಟಲಿ ಮೂಸುತ್ತಿದ್ದಳು. ಮನೆಗೆ ಬಂದ ಮೇಲೆ ಅವಳಿಗೆ ಸಾರಿನ ವಾಸನೆಯೂ ಹತ್ತುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಮೂಸಿದ ಮಗನಿಗೆ, ಇಪ್ಪತ್ತೈದನೇ ವಯಸ್ಸಿನಲ್ಲಿ ಈ ಹೋಟೆಲಿಗೆ ಸೇರಿದಾಗ ವೈನಿನ ಹುಳಿ ಹಿಡಿಯುವುದು ದೊಡ್ಡ ವಿದ್ಯೆ ಅನ್ನಿಸಲಿಲ್ಲ. ಮೂರೇ ವರ್ಷದಲ್ಲಿ ನೆಲಮಾಳಿಗೆಯ ವೈನ್ ಕೋಣೆಯ ಬೀಗದ ಕೈ ಅವನ ಸೊಂಟಕ್ಕೆ ಬಂದಿತ್ತು.

ಆ ಗುರುವಾರದ ನಂತರ ವಕೀಲರ ಮುಖ ಮತ್ತೆ ನೋಡಬೇಕಾಗುವುದಿಲ್ಲ ಎಂದುಕೊಂಡಿದ್ದ. ಆದರೆ ಅದೇ ವರ್ಷ ಕಟ್ಟಡದ ಮಾಲೀಕ, ಹೋಟೆಲು ಖಾಲಿ ಮಾಡಿಸಲು ದಾವೆ ಹೂಡಿದ. ಹೋಟೆಲಿನ ಯಜಮಾನಿ ಗಂಡ ಸತ್ತ ಮೇಲೆ ಒಬ್ಬಳೇ ಗಲ್ಲಾದಲ್ಲಿ ಕೂತು ನಡೆಸುತ್ತಿದ್ದವಳು. ಕೆಲಸದವರೆಲ್ಲ ಅವಳನ್ನು ಅಮ್ಮಾವ್ರು ಎನ್ನುತ್ತಿದ್ದರು. ಅವಳು ಕೇಸನ್ನು ಒಪ್ಪಿಸಿದ್ದು ಇದೇ ವಕೀಲರಿಗೆ. ಅಂದಿನಿಂದ ನಾಲ್ಕನೇ ಮೇಜು ಅವರ ಸ್ವಂತ ಆಸ್ತಿಯಾಯಿತು. ಫೋನ್ ಮಾಡುವುದಿಲ್ಲ, ಬಿಚ್ಚಿದ್ದಕ್ಕೆ ಬಿಲ್ಲಿಲ್ಲ, ಗುಟುಕಿನ ಮಾತೇ ಇಲ್ಲ. ವಾರಕ್ಕೊಂದು ಬಾಟಲಿ ಚೀಲದಲ್ಲಿ ಬರುತ್ತಿತ್ತು, ಜೊತೆಗೊಂದು ಚುಚ್ಚುಮಾತೂ ಬರುತ್ತಿತ್ತು.

"ಏನಪ್ಪಾ ಬಿರಡೆ, ಇವತ್ತು ಬೂಟು ಬಿಚ್ಚುತ್ತೀಯಾ?"

"ಲೇಸ್ ಗಂಟಾಗಿದ್ರೆ ಹೇಳಿ ಸಾರ್, ಅಡುಗೆಮನೆಯಿಂದ ಕತ್ತಿ ತರ್ತೀನಿ."

ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಅಮ್ಮಾವ್ರು ಗಲ್ಲಾದಿಂದ ಕಣ್ಣು ಬಿಟ್ಟರೆ ಬಿರಡೆಯಣ್ಣ ಬಾಯಿ ಮುಚ್ಚುತ್ತಿದ್ದ. ಹೀಗೆ ಏಳು ವರ್ಷ ನಡೆಯಿತು.

ನಾಲ್ಕು ವರ್ಷದ ಹಿಂದೆ ಒಂದು ದಿನ ವಕೀಲರು ಇಬ್ಬರು ದೊಡ್ಡ ಕಕ್ಷಿದಾರರನ್ನು ಊಟಕ್ಕೆ ಕರೆತಂದರು. ಬಾಟಲಿಯೂ ದೊಡ್ಡದೇ, ಮನೆಯಲ್ಲಿ ಬಹಳ ಕಾಲ ಇಟ್ಟುಕೊಂಡದ್ದು. ಆಗೆಲ್ಲ ಬಾಟಲಿಗಳನ್ನು ಊಟದ ಹಾಲಿನ ಮೂಲೆಯ ಪರದೆ ಹಿಂದಿನ ಮೇಜಿನ ಮೇಲೆ ಬಿಚ್ಚುತ್ತಿದ್ದರು. ಬಿರಡೆಯಣ್ಣ ಬಿಚ್ಚಿದ, ಮೂಗಿನ ಹತ್ತಿರ ತಂದ, ಅಲ್ಲಿಗೇ ಗೊತ್ತಾಯಿತು. ಹುಳಿ ಕಟ್ಟಿತ್ತು. ರೀತಿಯಂತೆ ಬಂದು ಬಗ್ಗಿ ಕಿವಿಯಲ್ಲಿ ಹೇಳಿದ: "ಸಾರ್, ಇದು ಹುಳಿಯಾಗಿದೆ. ಬೇರೆ ತರಿಸ್ಲಾ?"

ವಕೀಲರು ಕಿವಿಯಲ್ಲಿ ಕೇಳಿದ್ದಕ್ಕೆ ಹಾಲಿಗೆಲ್ಲ ಕೇಳುವಂತೆ ಉತ್ತರಿಸಿದರು. "ಹುಳಿಯಾ? ಇಷ್ಟು ವರ್ಷ ನಮ್ಮನೆ ಷೋಕೇಸಲ್ಲಿ ಏನೂ ಆಗದೆ ಇದ್ದದ್ದು, ನಿನ್ನ ಪರದೆ ಹಿಂದೆ ಎರಡು ನಿಮಿಷಕ್ಕೆ ಹುಳಿಯಾಯ್ತಾ? ಒಳ್ಳೇದನ್ನ ಯಾವುದಕ್ಕೆ ಬಗ್ಗಿಸ್ಕೊಂಡೆ?"

ಎಲ್ಲ ಮೇಜುಗಳಲ್ಲೂ ಚಮಚದ ಸದ್ದು ನಿಂತಿತು. ಯಜಮಾನಿ ಎದ್ದು ಬಂದಳು.

"ಅಮ್ಮಾವ್ರೇ, ನೀವೇ ಒಂದ್ಸಲ ಮೂಸಿ ನೋಡಿ," ಎಂದು ಬಿರಡೆಯಣ್ಣ ಬಾಟಲಿ ಮುಂದೆ ಹಿಡಿದ.

ಅವಳು ಮೂಸಲಿಲ್ಲ. ಬಾಟಲಿಯ ಕಡೆ ತಿರುಗಿಯೂ ನೋಡಲಿಲ್ಲ. ಮೂಸಿದರೆ ಗೊತ್ತಾಗಿಬಿಡುತ್ತದೆ, ಗೊತ್ತಾದರೆ ವಕೀಲರ ಎದುರು ಹೇಳಬೇಕಾಗುತ್ತದೆ, ಹೇಳಿದರೆ ಕೇಸಿನ ಗತಿ? "ಸಾಹೇಬರ ಹತ್ರ ಕ್ಷಮೆ ಕೇಳು," ಎಂದಳು ಅಷ್ಟೆ.

ಅವನು ಕೇಳಿದ. ನಾಲ್ಕನೇ ಮೇಜಿನ ಮುಂದೆ ನಿಂತು, ತಾನು ಮಾಡದ ಕಳ್ಳತನಕ್ಕೆ, ಇಪ್ಪತ್ತು ಜನರ ಎದುರು. ಮರುದಿನ ನೆಲಮಾಳಿಗೆಯ ಬೀಗದ ಕೈ ಅಮ್ಮಾವ್ರ ತಮ್ಮನ ಪಾಲಾಯಿತು. ವಕೀಲರು ಎರಡು ಹೊಸ ಕಾನೂನು ಮಾಡಿದರು. ತಮ್ಮ ಬಾಟಲಿಯನ್ನು ಮೇಜಿನ ಮೇಲೆ, ಎಲ್ಲರ ಕಣ್ಣೆದುರಿಗೆ ಬಿಚ್ಚಬೇಕು. ಮತ್ತು ಬಿರಡೆಯಣ್ಣ ಅದನ್ನು ಮೂಸಕೂಡದು, ರುಚಿ ನೋಡಕೂಡದು, ಅದರ ಬಗ್ಗೆ ಬಾಯಿ ಬಿಡಕೂಡದು.

ಕೆಲಸ ಬಿಟ್ಟುಬಿಡಬಹುದಿತ್ತು. ಹೆಂಡತಿಯೂ ಹೇಳಿದಳು. "ಕಳ್ಳ ಅನ್ನಿಸ್ಕೊಂಡು ಬಿಟ್ರೆ ಕಳ್ಳ ಓಡ್ಹೋದ ಅಂತಾರೆ," ಎಂದ ಅವನು. "ಎಲ್ಲಿ ಅಂದ್ರೋ ಅಲ್ಲೇ ವಾಪಸ್ ತಗೋಬೇಕು. ಆ ಹಾಲಿನಲ್ಲೇ." ಅವನ ಮನಸ್ಸಿನಲ್ಲಿ ಆಮೇಲೆ ಉಳಿದದ್ದು ಇದೊಂದೇ ಆಸೆ. ಅದಕ್ಕಾಗಿ ನಾಲ್ಕು ವರ್ಷ ವಕೀಲರ ಬಾಟಲಿಗಳನ್ನು ಮೂಗು ತಿರುಗಿಸಿಕೊಂಡು ಬಿಚ್ಚಿದ.

ಅವಕಾಶ ಬಂದದ್ದು ಒಂದು ಶುಕ್ರವಾರ ಮಧ್ಯಾಹ್ನ, ವಕೀಲರ ಮಗಳ ಕೈಯಲ್ಲಿ.

ಊಟದ ಹೊತ್ತು ಮುಗಿದು ಕುರ್ಚಿಗಳನ್ನು ಒರೆಸುತ್ತಿದ್ದಾಗ ಅವಳು ಒಳಗೆ ಬಂದಳು. ಬಾಟಲಿಯನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. "ಅಂಕಲ್, ನಾಳೆ ಮಧ್ಯಾಹ್ನ ನಮ್ಮದು ಆರು ಜನರ ಊಟ ಇದೆ. ನನಗೆ ಗಂಡು ಗೊತ್ತಾಗಿದೆ. ಅವರ ಮನೆಯವರು ಬರ್ತಿದಾರೆ. ಬಾಟಲಿ ಹಿಂದಿನ ದಿನಾನೇ ತಂದುಕೊಡೋದು ಒಳ್ಳೇದು ಅಂತ ಯಾರೋ ಅಂದ್ರು, ಅದಕ್ಕೆ ತಂದೆ."

ಹನ್ನೊಂದು ವರ್ಷದಲ್ಲಿ ಆ ಮನೆಯಿಂದ ರೀತಿ ತಿಳಿದು ನಡೆದ ಮೊದಲ ವ್ಯಕ್ತಿ ಅವಳು.

"ನಾನು ಹುಟ್ಟಿದ ವರ್ಷದ್ದು ಅಂಕಲ್. ಅಪ್ಪ ನನ್ನ ಮದುವೆ ಮಾತುಕತೆಗೆ ಅಂತಾನೇ ಇಪ್ಪತ್ತಾರು ವರ್ಷದಿಂದ ಷೋಕೇಸಲ್ಲಿ ನಿಲ್ಸಿದ್ರು. ಬೆಳಿಗ್ಗೆ ಬಿಸಿಲು ಬಿದ್ರೆ ಕೆಂಪಗೆ ಹೊಳೀತಿತ್ತು. ಚಿಕ್ಕವಳಿದ್ದಾಗ ಅದರ ಮುಂದೆ ಕೂತು ನೋಡ್ತಿದ್ದೆ."

ಬಿರಡೆಯಣ್ಣ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಇಪ್ಪತ್ತಾರು ವರ್ಷ ನಿಲ್ಲಿಸಿ ಇಟ್ಟಿದ್ದಾರೆ, ಮಲಗಿಸಿಲ್ಲ. ಮಲಗಿಸಿದರೆ ವೈನ್ ತಾಗಿ ಬಿರಡೆ ಒದ್ದೆಯಾಗಿ ಉಬ್ಬಿಕೊಂಡಿರುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ನಿಲ್ಲಿಸಿದರೆ ಒಣಗಿ ಸೊರಗುತ್ತದೆ. ಸಾಲದ್ದಕ್ಕೆ ದಿನಾ ಬಿಸಿಲು. ಒಳಗಿನ ಮಟ್ಟ ಕುತ್ತಿಗೆಯಿಂದ ಎರಡು ಬೆರಳು ಕೆಳಗಿಳಿದಿತ್ತು. ಕೆಂಪು ಹೋಗಿ ಕಷಾಯದ ಬಣ್ಣ ಬಂದಿತ್ತು. ಬಾಯಿಗೆ ಸುತ್ತಿದ ತಗಡಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದರೆ ಒಳಗಿನ ಬಿರಡೆ ಬಗ್ಗಿತು. ಮೂಸುವುದೇ ಬೇಕಿರಲಿಲ್ಲ. ಆ ಬಾಟಲಿ ಸತ್ತು ಹತ್ತಿಪ್ಪತ್ತು ವರ್ಷವಾಗಿತ್ತು.

"ಸರಿ ಇದೆಯಾ ಅಂಕಲ್? ನಿಮಗೆ ನೋಡಿದ್ರೇ ಗೊತ್ತಾಗುತ್ತಂತೆ," ಎಂದಳು.

ಹೇಳಲು ಒಂದು ಉಸಿರು ಸಾಕಿತ್ತು. ಅವಳು ಅಂಗಡಿಗೆ ಹೋಗಿ ಬೇರೆ ತರುತ್ತಿದ್ದಳು. ಬಿರಡೆಯಣ್ಣನ ಕಣ್ಣ ಮುಂದೆ ಆಗ ನಿಂತದ್ದು ಹುಡುಗಿಯಲ್ಲ, ನಾಲ್ಕನೇ ಮೇಜು.

"ನಿಮ್ಮ ಅಪ್ಪನ ಬಾಟಲಿ ಬಗ್ಗೆ ಬಾಯಿ ಬಿಡೋ ಹಕ್ಕು ನನಗಿಲ್ಲ ತಾಯಿ," ಎಂದ. "ಅವರದ್ದೇ ಆಜ್ಞೆ. ಅವರನ್ನೇ ಕೇಳಿ."

"ಅವರನ್ನ ಕೇಳಿದ್ರೆ ನನಗೂ ಬಾಯಿ ಬಿಡಬೇಡ ಅಂತಾರೆ." ಅವಳು ಸಣ್ಣಗೆ ನಕ್ಕು, ಅವನು ಇನ್ನೇನಾದರೂ ಹೇಳುತ್ತಾನೋ ಎಂದು ಒಂದು ಕ್ಷಣ ನಿಂತಳು. ಅವನು ಕುರ್ಚಿ ಒರೆಸತೊಡಗಿದ. ಅವಳು ಹೋದಳು.

ಸಂಜೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದ. ಹೇಳುವಾಗ ಅವನ ಧ್ವನಿಯಲ್ಲಿ ಹಬ್ಬವಿತ್ತು. ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ವಾಪಸು ಹಾಕಿದಳು.

"ಈಗಲೇ ಫೋನ್ ಮಾಡಿ ಹೇಳಿ ರೀ. ಆ ಹುಡುಗಿ ನಿಮಗೇನು ಮಾಡಿದಾಳೆ?"

"ಏನೂ ಮಾಡಿಲ್ಲ."

"ಮತ್ತೆ?"

"ಹಿಂದೆ ಹೇಳಿದ್ದಕ್ಕೆ ಕಳ್ಳ ಅಂದ್ರು. ಮೂಸಬೇಡ ಅಂದ್ರು, ಮೂಸಿಲ್ಲ. ಹೇಳಬೇಡ ಅಂದ್ರು, ಹೇಳಿಲ್ಲ. ಅವರು ಹಾಕಿದ ಗೆರೆ ನಾನು ದಾಟಿಲ್ಲ. ತಪ್ಪೇನು?"

"ನಿಮ್ಮಮ್ಮ ಮಾಲೀಕನ ಮೇಲೆ ಸಿಟ್ಟು ಬಂದ ದಿನ ಸೀಮೆಎಣ್ಣೆ ಬಾಟಲಿನ ಶರಬತ್ತಿನ ರಾಶಿಗೆ ಹಾಕ್ತಿದ್ರಾ?"

ಅವನು ತಟ್ಟೆಯನ್ನು ದೂಡಿ ಎದ್ದ. ಆದರೆ ಫೋನ್ ಮಾಡಲಿಲ್ಲ.

ಶನಿವಾರ ಹನ್ನೆರಡೂವರೆಗೆ ನಾಲ್ಕನೇ ಮೇಜಿಗೆ ಇನ್ನೊಂದು ಮೇಜು ಜೋಡಿಸಿ ಆರು ಕುರ್ಚಿ ಹಾಕಿದರು. ಒಂದು ಕಡೆ ವಕೀಲರು, ಅವರ ಹೆಂಡತಿ, ಮಗಳು. ಎದುರಿಗೆ ಹುಡುಗ, ಅವನ ತಂದೆ, ತಾಯಿ. ಹುಡುಗನ ತಾಯಿ ನಗರದ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ಮಾತು ಕಡಿಮೆ. ಕೂತ ಕೂಡಲೇ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಆಮೇಲೆ ಕುಡಿದಳು. ಬಿರಡೆಯಣ್ಣ ಅದನ್ನು ಗಮನಿಸಿದ.

ಸೂಪು ಬಂದು ಹೋಯಿತು. ವಕೀಲರು ಎದ್ದು ನಿಂತು ಬಾಟಲಿಯ ಚರಿತ್ರೆ ಹೇಳಿದರು. ಮಗಳು ಹುಟ್ಟಿದ್ದು, ಅದನ್ನು ಕೊಂಡದ್ದು, ಎಂಥೆಂಥವರು ಕೇಳಿದರೂ ಬಿಚ್ಚದೆ ಇದ್ದದ್ದು. ಬಿರಡೆಯಣ್ಣ ಬಾಟಲಿಯನ್ನು ಮೇಜಿನ ಮೇಲಿಟ್ಟಾಗ ಬೀಗರ ಕಡೆ ಕಣ್ಣು ಮಿಟುಕಿಸಿದರು.

"ಬೀಗರೇ, ಇವನ ಹತ್ರ ಎದುರಿಗೇ ಬಿಚ್ಚಿಸ್ಬೇಕು. ಹಿಂದೊಮ್ಮೆ ನನ್ನದೊಂದು ಒಳ್ಳೇ ಬಾಟಲಿನ ಪರದೆ ಹಿಂದೆ ತಗೊಂಡ್ಹೋಗಿ ಹುಳಿ ನೀರು ತಂದಿಟ್ಟಿದ್ದ. ಆವತ್ತಿಂದ ನಾನೇ ಕಾನೂನು ಮಾಡಿದೀನಿ. ಏನಪ್ಪಾ, ಹೌದೋ ಅಲ್ವೋ?"

"ಕಾನೂನು ಮಾಡಿದ್ದು ಹೌದು ಸಾರ್," ಎಂದ ಬಿರಡೆಯಣ್ಣ.

ಅವನು ಎಲ್ಲರಿಗೂ ಕಾಣುವಂತೆ ತಗಡನ್ನು ಸುತ್ತ ಕೊಯ್ದು ತೆಗೆದ. ಓಪನರನ್ನು ನಿಧಾನ ತಿರುವಿದ. ಬಿರಡೆ ಒಣಗಿದ ರೊಟ್ಟಿಯಂತೆ ಎರಡು ತುಂಡಾಗಿ ಬಂತು. ತುಂಡುಗಳನ್ನು ಸಣ್ಣ ತಟ್ಟೆಯಲ್ಲಿಟ್ಟು ಮೇಜಿನ ನಡುವೆ ಇಟ್ಟ. ವಾಸನೆ ಅಲ್ಲಿಗೇ ಬಂತು. ಅವನು ಮುಖ ಕಿಟಕಿಗೆ ತಿರುಗಿಸಿದ.

"ಬಿಚ್ಚಿದವರಿಗೆ ಮೊದಲ ಗುಟುಕು, ಅಲ್ವಾ?" ಎಂದಳು ಪಕ್ಕದ ಮೇಜಿನ ರೀತಿಯನ್ನು ಗಮನಿಸಿದ್ದ ಹುಡುಗನ ತಾಯಿ.

"ಇವನಿಗೆ ಬೇಡ ಬೀಗರೇ," ಎಂದರು ವಕೀಲರು.

"ನನಗೆ ಮೂಸೋಕೂ ಅಪ್ಪಣೆ ಇಲ್ಲಮ್ಮ," ಎಂದ ಬಿರಡೆಯಣ್ಣ. "ಮೊದಲ ಗುಟುಕು ಯಾವಾಗಲೂ ಸಾಹೇಬರದ್ದೇ." ಹೇಳುತ್ತ ವಕೀಲರ ಲೋಟಕ್ಕೆ ನಾಲ್ಕು ಬೆರಳು ಸುರಿದ. ರೀತಿಯ ಪ್ರಕಾರ ಒಂದು ಬೆರಳು ಸುರಿಯಬೇಕು.

ವಕೀಲರು ಲೋಟ ಎತ್ತಿ ಎಲ್ಲರನ್ನೂ ನೋಡಿ ಬಾಯಿತುಂಬ ಕುಡಿದರು. ಆಮೇಲೆ ಅವರ ಗಂಟಲು ಅಲ್ಲಾಡಲಿಲ್ಲ. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಕಣ್ಣಂಚಿನಲ್ಲಿ ನೀರು ಬಂತು. ಬಿರಡೆಯಣ್ಣ ಎಣಿಸುತ್ತಿದ್ದ. ಆರು ಎಣಿಸುವಾಗ ನುಂಗಿದರು.

"ಹಳೇ ವೈನ್ ರುಚಿ ಹೀಗೇ," ಎಂದರು. "ಎಲ್ಲರಿಗೂ ಹಾಕು."

ಅವನು ಹಾಕಿದ. ವಕೀಲರ ಹೆಂಡತಿ ತುಟಿಗೆ ತಾಗಿಸಿ ಗಂಡನ ಮುಖ ನೋಡಿ ಕರವಸ್ತ್ರ ಹುಡುಕಿದಳು. ಹುಡುಗನ ತಂದೆ ಕೆಮ್ಮಿದರು. ಹುಡುಗ ಮರ್ಯಾದೆಗೆ ಪೂರ್ತಿ ಕುಡಿದು ಮೇಜಿನ ಕೆಳಗೆ ನೋಡತೊಡಗಿದ. ಅವನ ತಾಯಿ ಮಾತ್ರ ಒಂದೇ ಸಲ ಮೂಸಿ ಲೋಟ ಕೆಳಗಿಟ್ಟಳು.

"ಬೀಗರೇ, ಇದು ಹುಳಿಯಾಗಿದೆ."

ವಕೀಲರು ಬಿರಡೆಯಣ್ಣನ ಕಡೆ ತಿರುಗಿದರು. "ಏನೋ ಮಾಡಿದೆ ಇದಕ್ಕೆ? ನಿನ್ನೆಯಿಂದ ನಿನ್ನ ಕೈಯಲ್ಲೇ ಇತ್ತು. ಮತ್ತೆ ಅದೇ ಬುದ್ಧಿ ತೋರಿಸಿದೆಯಾ?"

ಚಮಚದ ಸದ್ದು ಮತ್ತೆ ನಿಂತಿತು. ಯಜಮಾನಿ ಗಲ್ಲಾದಿಂದ ಎದ್ದಳು. ಬಿರಡೆಯಣ್ಣ ತುಂಡುಗಳಿದ್ದ ತಟ್ಟೆಯನ್ನು ಹುಡುಗನ ತಾಯಿಯ ಕಡೆ ಒಂದು ಗೇಣು ಸರಿಸಿದ. ಅವಳು ಬಿರಡೆಯ ತುಂಡೊಂದನ್ನು ಬೆರಳುಗಳ ನಡುವೆ ಹಿಸುಕಿದಳು. ಪುಡಿ ಉದುರಿತು.

"ತಗಡು ಕೊಯ್ದದ್ದು ನಮ್ಮೆದುರಿಗೆ. ಬಿಚ್ಚಿದ್ದು ನಮ್ಮೆದುರಿಗೆ," ಎಂದಳು. "ನೀವೇ ಮಾಡಿದ ಕಾನೂನು. ಒಂದೇ ದಿನದಲ್ಲಿ ಬಿರಡೆ ಹೀಗೆ ಒಣಗಲ್ಲ. ಎಲ್ಲಿಟ್ಟಿದ್ರಿ ಇದನ್ನ?"

"ಷೋಕೇಸಲ್ಲಿ," ಎಂದಳು ಮಗಳು. ಅವಳ ಅಪ್ಪ ಅವಳ ಕಡೆ ನೋಡಿದರು, ಅವಳು ನಿಲ್ಲಿಸಲಿಲ್ಲ. "ಬಿಸಿಲಲ್ಲಿ, ನಿಲ್ಸಿ."

"ಮತ್ತೆ ಆ ಇನ್ನೊಂದು? ಪರದೆ ಹಿಂದೆ ಹುಳಿಯಾಯ್ತು ಅಂದ್ರಲ್ಲ, ಅದು?"

"ಅದೇ ಷೋಕೇಸು," ಎಂದಳು ಮಗಳು. "ಇದರ ಪಕ್ಕದಲ್ಲೇ ಇತ್ತು."

ನಾಲ್ಕು ವರ್ಷ ಕಾದಿದ್ದ ಮಾತು, ಅದೇ ಊಟದ ಹಾಲಿನಲ್ಲಿ, ಶತ್ರುವಿನ ಮಗಳ ಬಾಯಿಂದಲೇ ಬಂದಿತ್ತು. ಬಿರಡೆಯಣ್ಣ ತಾನು ಹಿಗ್ಗುತ್ತೇನೆ ಎಂದುಕೊಂಡಿದ್ದ. ಅಷ್ಟರಲ್ಲಿ ಅವಳು ಅವನ ಕಡೆ ತಿರುಗಿದಳು. ಕಣ್ಣು ಕೆಂಪಾಗಿತ್ತು, ಧ್ವನಿ ಮಾತ್ರ ಅವಳಪ್ಪನದೇ.

"ನಿನ್ನೆ ನಿಮಗೆ ಗೊತ್ತಿತ್ತು. ಬೆಳಕಿಗೆ ಹಿಡಿದು ನೋಡಿದ್ರಿ, ಬೆರಳಿಂದ ಒತ್ತಿದ್ರಿ. ನಾನು ಕೇಳಿದೆ. ಗೊತ್ತಿತ್ತು, ಅಲ್ವಾ?"

"ಗೊತ್ತಿತ್ತು," ಎಂದ ಬಿರಡೆಯಣ್ಣ.

"ನಮ್ಮಪ್ಪನಿಗೆ ಬಾಟಲಿ ಇಡೋದು ಗೊತ್ತಿಲ್ಲ. ನಿಮಗೆ ಎಲ್ಲಾ ಗೊತ್ತಿದ್ದೂ ಹೀಗೆ ಮಾಡಿದ್ರಿ." ಅವಳು ತನ್ನ ತುಂಬಿದ ಲೋಟವನ್ನು ಎತ್ತಿ ಅವನ ಕಡೆ ಚಾಚಿದಳು. "ತಗೊಳ್ಳಿ. ಬಿಚ್ಚಿದವರದ್ದು ಮೊದಲ ಗುಟುಕು."

ಅವನು ತೆಗೆದುಕೊಂಡು ಕುಡಿದ. ಪೂರ್ತಿ ಕುಡಿ ಎಂದು ಯಾರೂ ಹೇಳಿರಲಿಲ್ಲ, ಆದರೂ ಪೂರ್ತಿ ಕುಡಿದ. ಅಷ್ಟು ಕೆಟ್ಟ ವೈನನ್ನು ಅವನು ಇಪ್ಪತ್ತಾರು ವರ್ಷದ ಕೆಲಸದಲ್ಲಿ ಬಾಯಿಗೆ ಹಾಕಿರಲಿಲ್ಲ.

ಮದುವೆಯೇನೂ ನಿಲ್ಲಲಿಲ್ಲ. ಹುಡುಗನ ತಾಯಿ ಹೋಟೆಲಿನ ಪಟ್ಟಿಯಿಂದ ಒಂದು ಬಾಟಲಿ ತರಿಸಿದಳು, ಊಟ ಮುಗಿಯಿತು. ವಕೀಲರು ಮೀನಿನ ಮುಳ್ಳು ಬಿಡಿಸುತ್ತ ತಲೆ ಎತ್ತದೆ ಕುಳಿತಿದ್ದರು. ಹೋಗುವಾಗ ಬಿರಡೆಯಣ್ಣನ ಪಕ್ಕದಲ್ಲಿ ಹಾದರೂ ಅವನ ಕಡೆ ನೋಡಲಿಲ್ಲ. "ತಪ್ಪಾಯ್ತು" ಎಂಬ ಮಾತು ಅವರ ಬಾಯಿಂದ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ.

ಮೂರು ಗಂಟೆಗೆ ಯಜಮಾನಿ ಅವನನ್ನು ಪರದೆ ಹಿಂದೆ ಕರೆದಳು. ಸೆರಗಿನಲ್ಲಿ ಮುಚ್ಚಿಟ್ಟಿದ್ದ ನೆಲಮಾಳಿಗೆಯ ಬೀಗದ ಕೈ ತೆಗೆದು ಅವನ ಅಂಗೈಗೆ ಒತ್ತಿದಳು. "ನಿನ್ನದು ನಿನ್ನ ಹತ್ರಾನೇ ಇರಲಿ. ಆಗಿದ್ದು ಆಗ್ಹೋಯ್ತು. ಯಾರಿಗೂ ಹೇಳೋಕೆ ಹೋಗಬೇಡ, ಕೇಸು ಇನ್ನೂ ನಡೀತಿದೆ."

"ಹೊರಗೆ ಬಂದು ಕೊಡಿ ಅಮ್ಮಾವ್ರೇ. ನಾಲ್ಕನೇ ಮೇಜಿನ ಹತ್ರ. ಕ್ಷಮೆ ಕೇಳಿಸಿದ್ದು ಅಲ್ಲೇ."

"ಹಟ ಮಾಡಬೇಡ ಬಿರಡೆ."

"ಮರೆಯಲ್ಲಿ ಕೊಟ್ಟ ಬೀಗದ ಕೈನ ಮರೆಯಲ್ಲೇ ಕಿತ್ಕೊಳ್ಳಬಹುದು."

ಅವಳು ಪರದೆಯನ್ನು ಸರಿಸಿ ಹಾಲಿನ ಕಡೆ ನೋಡಿದಳು. ಎಂಟು ಹತ್ತು ಜನ ಇನ್ನೂ ಊಟ ಮಾಡುತ್ತಿದ್ದರು. ಪರದೆ ಮತ್ತೆ ಮುಚ್ಚಿದಳು. ಬಿರಡೆಯಣ್ಣ ಬೀಗದ ಕೈಯನ್ನು ಬಾಟಲಿ ಬಿಚ್ಚುವ ಮೇಜಿನ ಮೇಲಿಟ್ಟ, ತನ್ನ ಓಪನರನ್ನು ಜೇಬಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಹೊರಟ.

ಮನೆಗೆ ಬಂದು ಟ್ರಂಕಿನ ತಳದ ಶರ್ಟು ತೆಗೆದು ಬಕೆಟ್ಟಿಗೆ ಹಾಕಿದ. "ಹನ್ನೊಂದು ವರ್ಷದ ಕಲೆ. ಇನ್ನು ಹೋಗಲ್ಲ," ಎಂದಳು ಹೆಂಡತಿ. ಹೋಗಲಿಲ್ಲ. ಅವಳು ಅದನ್ನು ಹರಿದು ಒರೆಸುವ ಬಟ್ಟೆ ಮಾಡಿದಳು. ವಕೀಲರ ಮೇಲಿನ ಸಿಟ್ಟೂ ಅವನಲ್ಲಿ ಹಾಗೇ ಇದೆ, ಕೇಳಿದವರಿಗೆ ಈಗಲೂ ಹಲ್ಲು ಕಚ್ಚಿಕೊಂಡೇ ಹೇಳುತ್ತಾನೆ. ಹುಡುಗಿಯ ಮಾತು ಬಂದಾಗ ಮಾತ್ರ ಕತೆಯನ್ನು ಅರ್ಧಕ್ಕೆ ಬಿಟ್ಟು ಎದ್ದುಹೋಗುತ್ತಾನೆ.

ಈಗ ಅವನು ಬಸ್ ನಿಲ್ದಾಣದ ಹಿಂದಿನ ಒಂದು ಸಣ್ಣ ಹೋಟೆಲಿನಲ್ಲಿ ಕೆಲಸ ಮಾಡುತ್ತಾನೆ. ಅಲ್ಲಿ ಏಳೇ ಮೇಜು, ಪರದೆ ಇಲ್ಲ. ಹೋಟೆಲಿನವರು ವೈನ್ ಮಾರುವುದಿಲ್ಲ, ಜನ ಮನೆಯಿಂದಲೇ ತರುತ್ತಾರೆ. ಬಾಟಲಿ ಮೇಜಿಗೆ ಬಂದ ಕೂಡಲೇ ಅವನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾನೆ, ಬಿಚ್ಚಿ ಮೂಸುತ್ತಾನೆ. ಕೆಟ್ಟಿದ್ದರೆ ತಂದವರ ಕಿವಿಯಲ್ಲಿ, ಅವರು ಕೇಳಲಿ ಬಿಡಲಿ, ಕೆಟ್ಟಿದೆ ಎಂದು ಹೇಳುತ್ತಾನೆ.